ಅಂಕೆಯ ಮರೆ ಸಾಲದು

ಕುಮುದೇಂದು ಮುನಿಯ ‘ಸಿರಿಭೂವಲಯ’ದ ಚಕ್ರಗಳಲ್ಲಿ ಅಕ್ಷರಗಳಿಲ್ಲ, 27 ಅಡ್ಡಸಾಲು, 27 ಕಂಬಸಾಲುಗಳ ಮನೆಗಳಲ್ಲಿ 1ರಿಂದ 64ರವರೆಗಿನ ಅಂಕೆಗಳು, ಒಂದೊಂದಕ್ಕೆ ಒಂದೊಂದು ಧ್ವನಿ. (ಅದರ ಕಾಲದ ಚರ್ಚೆ ವಿದ್ವಾಂಸರಿಗಿರಲಿ.) ಇದು ಯಾರೂ ಭೇದಿಸಲಾಗದ ಗೂಢಲಿಪಿಯೆಂದು ಗದಗಿನ ನಮ್ಮ ವಿದ್ಯಾರ್ಥಿಗಳು ಹೆಮ್ಮೆಪಡುವುದುಂಟು. ನಾನು ಒಪ್ಪಲಾರೆ. 64 ಧ್ವನಿಗಳಿಗೆ ಅಂಕೆಗಳನ್ನು ಹಂಚುವ ಬಗೆಗಳ ಸಂಖ್ಯೆಯನ್ನು ಬರೆಯಲು 90 ಸ್ಥಾನಗಳು ಬೇಕು, ನಿಜ. ಆದರೆ ಕನ್ನಡ ಬರಹದಲ್ಲಿ ‘ಅ’ಕಾರವು ಪದೇ ಪದೇ ಬರುವುದು, ಅದರ ಅಂಕೆಯೂ ಅಷ್ಟೇ ಸಲ ಬಂದು ಗುಟ್ಟನ್ನು ಬಿಟ್ಟುಕೊಡುವುದು. ಓದುವ ದಾರಿಯನ್ನು ಎಷ್ಟು ಸುತ್ತಿಸಿದರೂ ಈ ಎಣಿಕೆ ಬದಲಾಗದು. ಒಂಬತ್ತನೆಯ ಶತಮಾನದಲ್ಲಿಯೇ ಬಾಗ್ದಾದಿನ ಅಲ್‌ಕಿಂದಿ ಈ ಉಪಾಯವನ್ನು ವಿವರಿಸಿದ್ದನು.

ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರಚಿಸಿದ ಕ್ರಮದ ಬಲವಿರುವುದು ಇಲ್ಲಿ. ಪಕ್ಕದ ಗೆಳೆಯನಿಗೆ 8633ನ್ನು ಕೊಟ್ಟು ಒಡೆಯಹೇಳಿರಿ. ಗುಣಲಬ್ಧವು ಆರುನೂರು ಅಂಕೆಗಳದಾದರೆ ಇಂದಿನ ಗಣಕಯಂತ್ರಗಳೂ ಸೋಲುವುವು.