ಇಲಿಗೆ ಅಂಕ ಕೊಡುವವರ ಹೊಣೆ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕೇಳದವರಾರು? ಪ್ರಯೋಗಶಾಲೆಯಲ್ಲಿ ಇಲಿ ಪಡುವ ಸಂಕಟವು ಯಾರ ಚೆಲ್ಲಾಟವೂ ಆಗಬಾರದು. ಅದರಿಂದ ನಿಜವಾದ ಜ್ಞಾನ ದೊರೆಯಬೇಕಾದರೆ ಅಳೆಯುವವನು ಪ್ರಾಮಾಣಿಕನಾಗಿರಬೇಕು.

ನಮ್ಮ ಡಿಚೋಲಿ ತಾಲೂಕಿನಲ್ಲಿ ತೆಂಗಿನ ಮರ ಏರುವವರು, ಕಟ್ಟಡದ ಕೆಲಸದವರು, ಲಾರಿ ನಡೆಸುವವರು ಇದ್ದಾರೆ. ಮೇಲಿನಿಂದ ಬಿದ್ದರೆ ಇಲ್ಲವೆ ಅಪಘಾತವಾದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಮಿದುಳಿನ ಆಜ್ಞೆಯನ್ನು ಕೈಕಾಲುಗಳಿಗೆ ಮುಟ್ಟಿಸುವ ನರಗಳ ಕಟ್ಟೇ ಬೆನ್ನುಹುರಿ. ಮುರಿದ ಎಲುಬು ಕೂಡುತ್ತದೆ. ಕಡಿದ ಹುರಿ ಹಾಗೆ ಕೂಡುವುದಿಲ್ಲ. ಅದನ್ನು ಮೊದಲಿನಂತೆ ಮಾಡುವ ಔಷಧಿ ಇಂದಿಗೂ ದೊರೆತಿಲ್ಲ. ಆದ್ದರಿಂದಲೇ ‘ಇಲಿ ಮತ್ತೆ ನಡೆಯಿತು’ ಎಂಬ ಸುದ್ದಿ ಬಂದರೆ ಹಾಸಿಗೆ ಹಿಡಿದವರ ಮನೆಯಲ್ಲಿ ಆಸೆ ಚಿಗುರುತ್ತದೆ. ಆ ಸುದ್ದಿ ಪೊಳ್ಳಾದರೆ ಹೊಲ, ಒಡವೆ ಮಾರಿ ಚಿಕಿತ್ಸೆಗೆ ಅಲೆದ ಕುಟುಂಬದ ಗತಿಯೇನು?

ಇಲಿ ಎಷ್ಟು ಚೇತರಿಸಿತೆಂದು ಅಳೆಯುವುದು ಹೇಗೆ? ಅಮೆರಿಕದ ಓಹಿಯೋದಲ್ಲಿ ಬ್ಯಾಸೋ, ಬೀಟಿ, ಬ್ರೆಸ್ನಹನ್ ಎಂಬ ಮೂವರು ವಿಜ್ಞಾನಿಗಳು 1995ರಲ್ಲಿ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ಇಲಿಯನ್ನು ಬಯಲಿನಂತಹ ಆವರಣದಲ್ಲಿ 4 ನಿಮಿಷ ಬಿಟ್ಟು ಇಬ್ಬರು ನೋಡುತ್ತಾರೆ. ಹಿಂಗಾಲು ಅಲುಗದಿದ್ದರೆ 0. ಹಿಂಗಾಲುಗಳ ಮೇಲೆ ಮೈಭಾರ ಹೊತ್ತು ನಿಂತರೆ 9. ಬಾಲವೆತ್ತಿ, ಮೈ ತೂಗಾಡದೆ ಸರಿಯಾಗಿ ನಡೆದರೆ 21.

ಇಲ್ಲಿ ಎಚ್ಚರ ಬೇಕು. 8ರಿಂದ 9ಕ್ಕೆ ಏರುವುದೆಂದರೆ ತೆವಳುತ್ತಿದ್ದುದು ಎದ್ದು ನಿಂತಂತೆ. 20ರಿಂದ 21ಕ್ಕೆ ಏರುವುದೆಂದರೆ ಮೈಯ ತೂಗಾಟ ನಿಂತಂತೆ. ಎರಡೂ ಒಂದೊಂದೇ ಅಂಕ, ಆದರೆ ತೂಕ ಒಂದೇ ಅಲ್ಲ. ಹುರಿ ಪೂರ್ತಿ ಕಡಿಯದಿದ್ದರೆ ಔಷಧಿಯಿಲ್ಲದೆಯೂ ಇಲಿ ಸ್ವಲ್ಪ ಚೇತರಿಸುತ್ತದೆ. ಹೀಗಾಗಿ ಔಷಧಿ ಕೊಡದ ಇಲಿಗಳೊಡನೆ ಹೋಲಿಸದೆ ಬರಿಯ ಅಂಕ ಹೇಳುವುದು ಅರ್ಧ ಸತ್ಯ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಏಕೆ? ತಿದ್ದುವವರ ಮಮತೆ ಅಂಕದಲ್ಲಿ ಸೇರಬಾರದೆಂದು. ಹಾಗೆಯೇ ಯಾವ ಇಲಿಗೆ ಔಷಧಿ ಕೊಟ್ಟಿದೆಯೆಂಬುದು ಅಂಕ ಕೊಡುವವರಿಗೆ ತಿಳಿದಿರಬಾರದು. ತನ್ನ ಔಷಧಿ ಗೆಲ್ಲಲೆಂಬ ಆಸೆ ಒಳ್ಳೆಯವನ ಕಣ್ಣನ್ನೂ ಮಂಜಾಗಿಸುತ್ತದೆ.

ಇಲಿಯ ಮೇಲೆ ಪ್ರಯೋಗವೇ ಬೇಡವೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರಾಣಿಗಳಿಗೆ ಅನವಶ್ಯಕ ನೋವಾಗಬಾರದೆಂದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಹೇಳುತ್ತದೆ. ಶಸ್ತ್ರಕ್ರಿಯೆಗೆ ಸಾಧ್ಯವಾದಷ್ಟೂ ಅರಿವಳಿಕೆ ಕೊಡಬೇಕೆನ್ನುತ್ತದೆ. ಬೇರೆ ದಾರಿಯಿಲ್ಲದಾಗ ಪ್ರಯೋಗ ನಡೆಯಲಿ, ಆದರೆ ಅಳತೆ ತಪ್ಪಿದರೆ ಆ ಮೂಕಪ್ರಾಣಿಯ ನೋವು ವ್ಯರ್ಥ. ನನ್ನ ದೃಷ್ಟಿಯಲ್ಲಿ ಸುಳ್ಳು ಅಂಕವೂ ಹಿಂಸೆಯೇ.

ವಿದ್ಯಾರ್ಥಿಮಿತ್ರರೇ, ಲೋಲಕದ ಪ್ರಯೋಗದಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿಯನ್ನು ತಿದ್ದುವ ಚಪಲ ನಿಮಗೂ ಬರುತ್ತದೆಯಲ್ಲವೇ? ಕಂಡದ್ದನ್ನೇ ಬರೆಯಿರಿ. ನಾಳೆ ನಿಮ್ಮಲ್ಲೊಬ್ಬರು ವೈದ್ಯರಾದಾಗ, ರೋಗಿಯ ಮನೆಯವರು ನಂಬುವುದು ಆ ಅಭ್ಯಾಸವನ್ನೇ.