ಹಳ್ಳಿಯ ರೋಗಿಯೂ ಕಾಲೇಜಿನ ವಿದ್ಯಾರ್ಥಿಯೂ

ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ವ್ಯಾಸಂಗಮಾಡುವ ತರುಣ ತರುಣಿಯರು ಪದವಿ ಪಡೆಯುವ ಮುನ್ನ ಕೆಲವು ವಾರಗಳ ಕಾಲ ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ ಮುಂತಾದ ಕಡೆಗಳಲ್ಲಿ ಕೆಲಸ ಕಲಿಯುವುದು ಇಂದು ವಾಡಿಕೆಯಾಗಿದೆ. ಇಂಟರ್ನ್‌ಶಿಪ್ ಎಂಬುದು ಇದಕ್ಕೆ ಬಳಕೆಯಲ್ಲಿರುವ ಹೆಸರು. ಇದರಿಂದ ವಿದ್ಯಾರ್ಥಿಗೆ ಆಗುವ ಲಾಭವನ್ನು ಕುರಿತು ಬೇಕಾದಷ್ಟು ಮಾತು ನಡೆಯುತ್ತದೆ. ರೋಗಿಗೆ ಆಗುವ ಲಾಭವೇನು, ಹಾನಿಯೇನು ಎಂದು ಕೇಳುವವರು ವಿರಳ. ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಕಣ್ಣಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ವಿಚಾರಮಾಡೋಣ.

ದೊಡ್ಡಬಳ್ಳಾಪುರದ ಮಗ್ಗಗಳು, ಹೊಸಕೋಟೆಯ ಕಾರ್ಖಾನೆಗಳು, ನೆಲಮಂಗಲದ ಹೆದ್ದಾರಿಗಳು, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಬೆಲೆ ಏರಿದ ದೇವನಹಳ್ಳಿಯ ಹೊಲಗಳು—ಇವು ನಗರಕ್ಕೆ ಅಂಟಿಕೊಂಡಿರುವ ಊರುಗಳು. ದೇಶದ ಅತಿ ದೊಡ್ಡ ಮನೋವೈದ್ಯಕೀಯ ಸಂಸ್ಥೆಗಳಲ್ಲೊಂದಾದ ನಿಮ್ಹಾನ್ಸ್ ಇಲ್ಲಿಗೆ ಕೆಲವೇ ಹತ್ತು ಕಿಲೋಮೀಟರುಗಳ ದೂರದಲ್ಲಿದೆ. ಆದರೆ ದಿನಗೂಲಿಯ ನೇಕಾರನಿಗೆ ಆ ದೂರವೂ ದೂರವೇ. ತಿಂಗಳಿಗೊಮ್ಮೆ ಮಾತ್ರೆ ತರಲು ರೋಗಿಯೂ ಜೊತೆಗೆ ಒಬ್ಬರೂ ಹೊರಟರೆ ಇಬ್ಬರ ಕೂಲಿ ಹೋಗುತ್ತದೆ. ಸ್ವಲ್ಪ ಗುಣ ಕಂಡೊಡನೆ ಪ್ರಯಾಣ ನಿಲ್ಲುತ್ತದೆ, ಔಷಧವೂ ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ.

ಚಿಕಿತ್ಸೆಯು ರೋಗಿಯಿದ್ದ ಕಡೆಗೆ ಹೋಗಬೇಕೆಂಬ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಮನೋವೈದ್ಯ ವಿಭಾಗವನ್ನು ತೆರೆಯಿತು. ಬನ್ನೇರುಘಟ್ಟದ ಕಡೆಯ ಸಕಲವಾರದ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ವಿಧಾನವನ್ನು ಪರೀಕ್ಷಿಸಿ ನೋಡಲಾಯಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ತಜ್ಞನಲ್ಲದವನೂ ಸರಿಯಾದ ತರಬೇತಿ, ಮೇಲ್ವಿಚಾರಣೆ ಮತ್ತು ಸ್ಪಷ್ಟವಾದ ಎಲ್ಲೆಗಳಿದ್ದರೆ ರೋಗಿಗೆ ನೆರವಾಗಬಲ್ಲನು ಎಂಬುದೇ ಇದರ ಪಾಠ. ಎಲ್ಲೆಗಳಿದ್ದರೆ ಎಂಬ ಮಾತನ್ನು ಮರೆಯಬಾರದು.

ಏಕೆಂದು ಒಂದು ಉದಾಹರಣೆಯಿಂದ ತಿಳಿಯಬಹುದು. ಹತ್ತು ವರ್ಷಗಳಿಂದ ದಿನವೂ ವಿಪರೀತ ಕುಡಿಯುವ ಒಬ್ಬನ ಮನೆಗೆ ವಿದ್ಯಾರ್ಥಿಯೊಬ್ಬನು ಹೋದನೆನ್ನೋಣ. ಹೆಂಡತಿಯ ಕಣ್ಣೀರನ್ನು ಕಂಡು ಮರುಗಿ, "ಇಂದಿನಿಂದಲೇ ಬಿಟ್ಟುಬಿಡಿ" ಎಂದು ಬೋಧಿಸುತ್ತಾನೆ. ಉದ್ದೇಶ ಒಳ್ಳೆಯದು; ಪರಿಣಾಮ ಪ್ರಾಣಾಂತಿಕವಾಗಬಹುದು. ಮದ್ಯವು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ತಡೆಯುವ ಕಾರ್ಯವನ್ನು ಹೆಚ್ಚಿಸುತ್ತದೆ, ಗ್ಲುಟಮೇಟ್ ಎಂಬುದರ ಕೆರಳಿಸುವ ಕಾರ್ಯವನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸಮತೋಲ ಕಾಯಲೆಂದು ಕೆರಳಿಕೆಯ ತಟ್ಟೆಗೆ ತೂಕ ಹಾಕುತ್ತಾ ಬರುತ್ತದೆ. ಮದ್ಯವನ್ನು ಥಟ್ಟನೆ ತೆಗೆದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆಯ ಸೆಳವು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಕೆಲವರಿಗೆ ಸನ್ನಿ ಹಿಡಿದು ಇಲ್ಲದ್ದು ಕಾಣಿಸುತ್ತದೆ. ವೈದ್ಯರು ತಕ್ಕ ಔಷಧಗಳನ್ನೂ ಥಯಮಿನ್ ಜೀವಸತ್ತ್ವವನ್ನೂ ಕೊಟ್ಟು ಈ ಅಪಾಯವನ್ನು ನಿವಾರಿಸಬಲ್ಲರು, ಉಪದೇಶ ನಿವಾರಿಸಲಾರದು. "ನಾಳೆ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ" ಎಂಬುದೇ ವಿದ್ಯಾರ್ಥಿ ಆಡಬೇಕಾದ ಮಾತು.

ಈ ಮಾತಿನ ಬೆಲೆ ಅಲ್ಪವಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಗೂ ಆಸ್ಪತ್ರೆಗೂ ನಡುವೆ ಸೇತುವೆ ಬೇಕು. ಔಷಧ ಬಿಟ್ಟವರನ್ನು ಹುಡುಕಿ ಮಾತನಾಡಿಸುವುದು, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ತಿಳಿಸುವುದು, ಮನೆಯವರ ದಣಿವನ್ನು ಸಹನೆಯಿಂದ ಕೇಳುವುದು, ಕಂಡದ್ದನ್ನು ಮಾರ್ಗದರ್ಶಕರಿಗೆ ಬರೆದೊಪ್ಪಿಸುವುದು—ಇವು ವಿದ್ಯಾರ್ಥಿಯ ಕಾರ್ಯಗಳು. ರೋಗನಿರ್ಣಯವೂ ಔಷಧದ ಮಾತೂ ಅವನವಲ್ಲ.

ಇನ್ನು ಕಾಲದ ಪ್ರಶ್ನೆ. ನಾಲ್ಕು ವಾರ ಬಂದುಹೋಗುವ ವಿದ್ಯಾರ್ಥಿಗೆ ಮನೆಯವರು ತಮ್ಮ ನೋವನ್ನು ಬಿಚ್ಚಿ ಹೇಳಿರುತ್ತಾರೆ. ಅವನು ಪ್ರಮಾಣಪತ್ರ ಪಡೆದು ಹೊರಟುಹೋಗುತ್ತಾನೆ. ಮರುತಿಂಗಳು ಇನ್ನೊಬ್ಬನು ಬಂದು ಅದೇ ಪ್ರಶ್ನೆಗಳನ್ನು ಕೇಳುತ್ತಾನೆ. ಮೂರನೆಯವನಿಗೆ ಬಾಗಿಲು ತೆರೆಯದಿದ್ದರೆ ತಪ್ಪು ಮನೆಯವರದಲ್ಲ. ಆದ್ದರಿಂದ ವಾರಕ್ಕೆ ಎರಡು ದಿನದಂತೆ ಆರು ತಿಂಗಳಾದರೂ ಅವೇ ಮನೆಗಳಿಗೆ ಹೋಗುವ ವ್ಯವಸ್ಥೆಯಾಗಬೇಕು. ಹೊರಡುವವನು ಹೊಸಬನನ್ನು ಕರೆದೊಯ್ದು ಪರಿಚಯಿಸಿಕೊಡಬೇಕು. ಮಾರ್ಗದರ್ಶಕರು ನೋಡಿಕೊಳ್ಳಬಲ್ಲಷ್ಟು ವಿದ್ಯಾರ್ಥಿಗಳನ್ನು ಮಾತ್ರ ಕಳುಹಿಸಬೇಕು.

ಗೋಪ್ಯತೆಯ ವಿಷಯವೂ ಇಷ್ಟೇ ಮುಖ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಆದರೆ ಹಳ್ಳಿಯ ಬೀದಿಯಲ್ಲಿ ಗುರುತಿನ ಪಟ್ಟಿ ತೂಗುಹಾಕಿಕೊಂಡು ಮನೆ ವಿಚಾರಿಸಿದರೇ ಸುದ್ದಿ ಹರಡುತ್ತದೆ. ಆ ಮನೆಯ ಹುಡುಗಿಗೆ ಬಂದ ಸಂಬಂಧ ಮುರಿದುಬೀಳಬಹುದು. ಯಾವಾಗ, ಹೇಗೆ ಬರಬೇಕೆಂಬುದನ್ನು ಆ ಮನೆಯವರನ್ನೇ ಕೇಳತಕ್ಕದ್ದು.

ಇಷ್ಟು ತೊಡಕಿದ್ದರೆ ವಿದ್ಯಾರ್ಥಿಗಳನ್ನು ಕಳುಹಿಸುವುದೇ ಬೇಡವೆಂದು ಕೆಲವರು ಹೇಳಬಹುದು. ಅದು ಸರಿಯಲ್ಲ. ಕಾಯಿಲೆಯು ಮನೆ, ಕೂಲಿ, ಸಾಲ, ನೆರೆಹೊರೆಗಳೊಡನೆ ಹೆಣೆದುಕೊಂಡಿರುವ ಬಗೆಯನ್ನು ಆಸ್ಪತ್ರೆಯ ಕೊಠಡಿಯಲ್ಲಿ ಕುಳಿತು ಕಲಿಯಲಾಗದು. ನಾಳೆ ಈ ಸೇವೆಯನ್ನು ನಡೆಸಬೇಕಾದವರು ಇಂದು ಅದನ್ನು ಕಂಡಿರಲೇಬೇಕು.

ಈ ಮಾರ್ಗವನ್ನು ಹಿಡಿಯಲಿರುವ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಕಾಲೇಜು ನಿಮಗೆ ಅಂಕ ಕೊಡಲಿ. ನೀವೇ ಕೊಟ್ಟುಕೊಳ್ಳಬೇಕಾದ ಅಂಕ ಬೇರೊಂದುಂಟು. ನೀವು ಹಿಂದಿರುಗಿದ ಮೂರು ತಿಂಗಳ ಮೇಲೂ ಆ ನೇಕಾರನು ಮಾತ್ರೆ ನುಂಗುತ್ತಿರುವನೆ? ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕೆಂಬುದು ಗೊತ್ತಿರುವುದೆ? ಹೌದು ಎಂದಾದರೆ ನಿಮ್ಮ ಕಲಿಕೆ ಸಾರ್ಥಕವಾಯಿತು.