ನಾಳೆ ಬರಲ್ಲ ಅಂದ್ರೆ, ಯಾರು ಬರಲ್ಲ?

ಹೋದ ಸೆಮಿಸ್ಟರ್‌ನಲ್ಲಿ ಲ್ಯಾಬ್ ಇಂಟರ್ನಲ್ಸ್ ಹಿಂದಿನ ರಾತ್ರಿ ನನ್ನ ಲ್ಯಾಬ್ ಪಾರ್ಟ್ನರ್ ವಾಟ್ಸಾಪ್‌ನಲ್ಲಿ ಎರಡೇ ಪದ ಕಳಿಸಿದ್ಲು: "ನಾಳೆ ಬರಲ್ಲ." ಅದಕ್ಕೂ ಹತ್ತು ನಿಮಿಷ ಮೊದಲು ಸರ್ ಬಗ್ಗೆ ಚಾಟ್ ಮಾಡ್ತಿದ್ವಿ. ಸರ್ ಬರಲ್ಲ, ಇಂಟರ್ನಲ್ಸ್ ಮುಂದಕ್ಕೆ ಹೋಯ್ತು ಅಂದ್ಕೊಂಡು ಆರಾಮಾಗಿ ಮಲಗಿದೆ. ಮರುದಿನ ಸವಳಂಗ ರಸ್ತೆಯಲ್ಲಿ ಬಸ್ ಇಳಿಯೋ ಹೊತ್ತಿಗೆ ಹನ್ನೊಂದು ಗಂಟೆ. ಸರ್ ಬಂದಿದ್ರು, ಲ್ಯಾಬ್ ಮುಗಿದಿತ್ತು. ಬರದೇ ಇದ್ದವಳು ಅವಳು, ಪಾಪ ಜ್ವರ.

ಕ್ಯಾಂಟೀನ್‌ನಲ್ಲಿ ಇದನ್ನ ಹೇಳಿದಾಗ ಒಬ್ಬ ತೀರ್ಪು ಕೊಟ್ಟೇಬಿಟ್ಟ: "ಇದು ಕನ್ನಡದ್ದೇ ಪ್ರಾಬ್ಲಮ್. ಇಂಗ್ಲಿಷ್‌ನಲ್ಲಾದ್ರೆ 'ಐ' ಹಾಕ್ಲೇಬೇಕು, ಕನ್‌ಫ್ಯೂಷನ್ನೇ ಇಲ್ಲ." ಈ ಮಾತನ್ನ ನಾನು ಒಪ್ಪಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರ ಕನ್ನಡ ನೋಡಿ. "ನಾನು ಬೆಳಿಗ್ಗೆ ಎದ್ದೆ. ನಾನು ತಿಂಡಿ ತಿಂದೆ. ನಾನು ಕಾಲೇಜಿಗೆ ಬಂದೆ." ಸ್ಕೂಲಲ್ಲಿ ಹೀಗೇ ಬರೆದಿದ್ದ ನನ್ನ ಪ್ರಬಂಧ ಓದಿ ಅಜ್ಜಿ, "ಎಷ್ಟು ಸಲ ನಾನು ನಾನು ಅಂತೀಯೋ, ಗೊತ್ತಾಯ್ತು ಬಿಡು" ಅಂದಿದ್ರು. 'ಎದ್ದೆ' ಅಂದ ಮೇಲೆ ಎದ್ದಿದ್ದು ಇನ್ಯಾರು? ಬಂದೆ, ಬಂದ, ಬಂದ್ಳು, ಬಂದ್ರು, ಬಂತು: ಕರ್ತೃ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ. ಈ ಬಾಲಗಳಿಗೆ ವ್ಯಾಕರಣದಲ್ಲಿ ಆಖ್ಯಾತ ಪ್ರತ್ಯಯ ಅಂತ ಹೆಸರು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ಅಂದ್ರೆ 'ನಾನು' ಬಿಡೋದು ಸೋಮಾರಿತನ ಅಲ್ಲ.

ನಾವೊಬ್ಬರೇ ಹೀಗೆ ಬಿಡೋದೂ ಅಲ್ಲ. ಆ್ಯಪ್‌ನಲ್ಲಿ ಸ್ಪ್ಯಾನಿಶ್ ಶುರು ಮಾಡಿದಾಗ ಮೊದಲ ವಾರವೇ ಖುಷಿಯಾಯ್ತು. 'ಬೆಂಗೊ' ಅಂದ್ರೆ ಬರ್ತೀನಿ, 'ಬಿಯೆನೆ' ಅಂದ್ರೆ ಬರ್ತಾನೆ ಅಥವಾ ಬರ್ತಾಳೆ. 'ನಾನು' ಅನ್ನೋದಕ್ಕೆ 'ಯೊ' ಅನ್ನೋ ಪದ ಇದೆ, ಆದ್ರೆ ಒತ್ತಿ ಹೇಳೋಕೆ, ಬೇರೆಯವರಿಂದ ಬೇರ್ಪಡಿಸೋಕೆ ಮಾತ್ರ ಅದನ್ನ ಹೊರಗೆ ತೆಗೀತಾರೆ. ನಾವು "ನಾನೇ ಮಾಡ್ತೀನಿ ಬಿಡು" ಅಂದ ಹಾಗೆ.

ಹಾಗಾದ್ರೆ ನನ್ನ ಇಂಟರ್ನಲ್ಸ್ ಯಾಕೆ ಹೋಯ್ತು? ಆ ಮೆಸೇಜಲ್ಲಿ ಇಲ್ಲದೇ ಇದ್ದದ್ದು 'ನಾನು' ಒಂದೇ ಅಲ್ಲ, ಆ ಬಾಲವೂ ಇರ್ಲಿಲ್ಲ. "ಬರ್ತೀನಿ" ಮತ್ತು "ಬರ್ತಾರೆ" ಬೇರೆ ಬೇರೆ. ಆದ್ರೆ 'ಇಲ್ಲ' ಸೇರಿದ ತಕ್ಷಣ ನಾನು, ನೀನು, ಸರ್, ಬಸ್ಸು ಎಲ್ಲರಿಗೂ ಒಂದೇ "ಬರಲ್ಲ". ಸ್ಪ್ಯಾನಿಶ್‌ನಲ್ಲಿ 'ನೋ ಬೆಂಗೊ' ಅಂದ್ರೂ 'ನಾನು' ಉಳಿಯುತ್ತೆ. ನಮ್ಮ ಹಳೆಯ ಕನ್ನಡದಲ್ಲೂ ಉಳೀತಿತ್ತು: ಬಾರೆನು, ಬಾರನು, ಬಾರಳು. ಈಗಲೂ 'ಒಲ್ಲೆ' ಅನ್ನೋದರಲ್ಲಿ ಅದು ಜೀವಂತ. ಬೇಕು, ಬೇಡ, ಗೊತ್ತು, ಆಗಲ್ಲ ಇವಕ್ಕೂ ಬಾಲ ಇಲ್ಲ.

ಬಾಲ ಇಲ್ಲದಿದ್ರೂ ಭಾಷೆ ನಡೆಯುತ್ತೆ. ಮಲಯಾಳಂನಲ್ಲಿ 'ವನ್ನು' ಅಂದ್ರೆ ಬಂದೆ, ಬಂದ, ಬಂದಳು ಎಲ್ಲವೂ ಹೌದು. ಆದ್ರೂ ಅವರು ಎಷ್ಟೋ ಸಲ ಕರ್ತೃ ಬಿಟ್ಟೇ ಮಾತಾಡ್ತಾರೆ, ಉಳಿದದ್ದನ್ನ ಸಂದರ್ಭ ಹೇಳುತ್ತೆ. ನನ್ನ ಪಾರ್ಟ್ನರ್ ಎದುರಿಗೆ ನಿಂತು ಕೆಮ್ಮುತ್ತಾ "ನಾಳೆ ಬರಲ್ಲ" ಅಂದಿದ್ರೆ ಯಾರಿಗೂ ಡೌಟ್ ಬರ್ತಿರ್ಲಿಲ್ಲ. ವಾಟ್ಸಾಪ್‌ನಲ್ಲಿ ಕೆಮ್ಮು ಕೇಳಿಸಲ್ಲ.

ಸ್ಪ್ಯಾನಿಶ್‌ನವರು ಇಲ್ಲಿ ಜಾಣರು. 'ಆಬ್ಲಾಬಾ' ಅಂದ್ರೆ 'ಮಾತಾಡ್ತಿದ್ದೆ' ಅಂತಲೂ ಆಗುತ್ತೆ, 'ಮಾತಾಡ್ತಿದ್ದ' ಅಂತಲೂ ಆಗುತ್ತೆ. ಗೊಂದಲ ಆಗೋ ಜಾಗದಲ್ಲಿ ಮಾತ್ರ 'ಯೊ' ಸೇರಿಸ್ತಾರೆ, ಉಳಿದ ಕಡೆ ಬಿಡ್ತಾರೆ. ನಾವು ಉಲ್ಟಾ ಮಾಡ್ತಿದ್ದೀವಿ. ಬೇಡದ ಕಡೆ, ಅಂದ್ರೆ ಪ್ರಬಂಧದಲ್ಲಿ, ಸ್ಟೇಜ್ ಮೇಲೆ, ಸಾಲಿಗೊಂದು 'ನಾನು' ತುರುಕ್ತೀವಿ. ಬೇಕಾದ ಕಡೆ, ಅಂದ್ರೆ ಗ್ರೂಪ್‌ನಲ್ಲಿ "ಸಬ್ಮಿಟ್ ಮಾಡಿಲ್ಲ", "ದುಡ್ಡು ಕೊಡ್ಬೇಕು" ಅಂತ ಹಾಕಿ ಸುಮ್ನಾಗ್ತೀವಿ. ಯಾರು ಮಾಡಿಲ್ಲ? ಯಾರು ಕೊಡ್ಬೇಕು?

ಅದಕ್ಕೇ ಕೇಳ್ಕೊಳ್ಳೋದು ಇಷ್ಟೇ. ಕ್ರಿಯಾಪದ ತಾನೇ ಹೇಳ್ತಿದ್ರೆ 'ನಾನು' ಬಿಡಿ, ಕನ್ನಡ ಹಗುರಾಗುತ್ತೆ. ಇಲ್ಲ, ಬೇಕು, ಬೇಡ, ಗೊತ್ತು ಬಂದಾಗ ಒಂದು ಕ್ಷಣ ನಿಂತು ಓದುವವರಿಗೆ ಗೊತ್ತಾಗುತ್ತಾ ನೋಡಿ. ಗೊತ್ತಾಗಲ್ಲ ಅನ್ನಿಸಿದ್ರೆ ಯಾರು ಅಂತ ಬರೀರಿ. ಎರಡಕ್ಷರ ಟೈಪ್ ಮಾಡೋದು, ಒಂದು ಇಂಟರ್ನಲ್ಸ್ ಕಳ್ಕೊಳ್ಳೋದಕ್ಕಿಂತ ಸುಲಭ.